ಕಂಸದೊಳಗಿನ ಅಕ್ಷರ

10 ಅಕ್ಟೋಬರ್ 2024, ಗುರುವಾರ
ಕಲಬುರಗಿ

ಅಣ್ಣನ ಮಗ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದ್ಲಾಕತ್ತಾನ. ಸಂಜೆ ನೋಟ್‌ಬುಕ್ ಮುಂದೆ ಹಿಡಿದ. "ಕಾಕಾ, ಚಿಕ್ಕಮಗಳೂರಾಗ ಇಂದಿರಾ ಗಾಂಧಿ ಎದುರು ನಿಂತ ವೀರೇಂದ್ರ ಪಾಟೀಲ್ರು, 1989ರಾಗ ಕಾಂಗ್ರೆಸ್ ಸಿಎಂ ಆದೋರು ಒಬ್ರೇ ಏನು?"

ಪಾಟೀಲರ ಊರು ಚಿಂಚೋಳಿ ಪಕ್ಕದಲ್ಲೇ ಇಟ್ಕೊಂಡು ಈ ಪ್ರಶ್ನೆ! ಆದರೆ ತಪ್ಪು ಅವನದಲ್ಲ. ಅವನ ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಪಾಟೀಲರ ಹೆಸರಿನ ಮುಂದೆ 1968ಕ್ಕೂ ‘ಕಾಂಗ್ರೆಸ್’, 1989ಕ್ಕೂ ‘ಕಾಂಗ್ರೆಸ್’. ಪೆನ್ಸಿಲ್ ಇಸ್ಕೊಂಡು 1969ರ ಕಾಂಗ್ರೆಸ್ ಒಡಕಿನ ಗೆರೆ ಎಳೆದೆ. ಆಗಿನ ಸಿಎಂ ನಿಜಲಿಂಗಪ್ಪ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಾಗಿ ಹೋದಾಗ ಸಿಎಂ ಕುರ್ಚಿ ಪಾಟೀಲರಿಗೆ ಬಂದದ್ದು. ಒಡಕಾದಾಗ ಗುರುವಿನ ಕಡೆಗೇ ನಿಂತರು. ಅಲ್ಲಿಂದ ಕಂಸದಾಗ ‘ಓ’ ಹಾಕಬೇಕು, ಆರ್ಗನೈಸೇಶನ್ ಅಂದ್ರೆ ಸಂಸ್ಥಾ ಕಾಂಗ್ರೆಸ್. ಆಮೇಲೆ ಜನತಾ. 1978ರ ನವೆಂಬರ್‌ನಲ್ಲಿ ಇಂದಿರಾ ಎದುರು 77 ಸಾವಿರಕ್ಕೂ ಹೆಚ್ಚು ಮತಗಳ ಸೋಲು. ಹದಿನಾಲ್ಕೇ ತಿಂಗಳು, 1980ರ ಜನವರಿಗೆ ಬಾಗಲಕೋಟೆಯಿಂದ ಅದೇ ಇಂದಿರಾ ಪಕ್ಷದ ಎಂಪಿ! ಈಗ ಕಂಸದಾಗ ‘ಐ’, ಇಂದಿರಾ ಅಂತ. ಮುಂದೆ ಆಕೆಯ ಸಂಪುಟದಲ್ಲೇ ಮಂತ್ರಿ.

"ಪಕ್ಷಾಂತರಿ ಅನ್ರಿ ಹಂಗಾದ್ರ" ಅಂದ. ನನಗೆ ಅದಕ್ಕಿಂತ ಕಾಡೋದು ಬೇರೆ. ಎರಡು ಸಲವೂ ಅವರ ಕುರ್ಚಿ ಅಲುಗಾಡಿದ್ದು ದೆಹಲಿಯ ಗಾಳಿಗೆ. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಪಾಲಾದವು. ಆಗ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ, ಶಾಸಕರು ಜಿಗಿದರು, ಅದೇ ಮಾರ್ಚ್‌ನಲ್ಲಿ ಸರ್ಕಾರ ಬಿತ್ತು.

1990ರಲ್ಲಿ ಕಾಯ್ದೆ ಇತ್ತು, 1985ರದು. ಬೆನ್ನಿಗೆ 178 ಶಾಸಕರು, ಅದೂ 224ರ ಸದನದಲ್ಲಿ! ಸಾರಾಯಿ ಲಾಬಿಯನ್ನೇ ಎದುರು ಹಾಕಿಕೊಂಡ ಮನುಷ್ಯ. ಚನ್ನಪಟ್ಟಣ, ರಾಮನಗರದಲ್ಲಿ ಗಲಭೆ ಆಯ್ತು, ಪಾಟೀಲರೋ ಕಾಯಿಲೆಯಲ್ಲಿ. ರಾಜೀವ್ ಗಾಂಧಿ ಬೆಂಗಳೂರಿನ ಏರ್‌ಪೋರ್ಟಿನಲ್ಲೇ ನಾಯಕತ್ವ ಬದಲಾವಣೆ ಸಾರಿಬಿಟ್ಟರು. ಅಕ್ಟೋಬರ್ 10, ರಾಷ್ಟ್ರಪತಿ ಆಳ್ವಿಕೆ. ಹೌದಲ್ಲ, ಇವತ್ತಿಗೆ 34 ವರ್ಷ. ವಾರಕ್ಕೆ ಬಂಗಾರಪ್ಪ ಸಿಎಂ. 1994ರ ಚುನಾವಣೆಗೆ ಕಾಂಗ್ರೆಸ್ಸಿನ ಆ 178 ಬರೇ 34 ಆಗಿತ್ತು.

ಚಹಾ ಆರಿ ಕೆನೆ ಕಟ್ಟಿತ್ತು. ಹುಡುಗ ಲೆಕ್ಕ ಹಾಕ್ತಾ ಕೂತ. ಆಗಿನ ಕಾಯ್ದೆಯಂತೆ ಮೂರರಲ್ಲೊಂದು ಪಾಲು ಒಡೆದು ಬಂದರೆ ಶಾಸಕತ್ವಕ್ಕೆ ಧಕ್ಕೆ ಇಲ್ಲ. "178ಕ್ಕ 60 ಮಂದಿ ಸಾಕಿತ್ತು ಕಾಕಾ. ಮಲಗಿದ್ದ ಮನುಷ್ಯಾ 60 ಮಂದೀನ ಎಲ್ಲಿಂದ..."

ಕರೆಂಟ್ ಹೋಯ್ತು. ನಾಳೆ ಅವನಿಗೆ ಬಾಗಲಕೋಟೆ ಟಿಕೆಟ್ ವಿಷಯ ಹೇಳಬೇಕು, ಕಲಬುರಗಿ ಬಿಟ್ಟು ಅಲ್ಲಿಗ್ಯಾಕೆ ಅಂತ