ಜಮೈಕಾದ ರಿಸಾರ್ಟಿನಲ್ಲಿ ಅಮ್ಮನಿಗೆ ಸಿಕ್ಕ ಜೀಗುಜ್ಜೆ

ಮಾಂಸ ಮುಟ್ಟದವರು, ಕುಡಿಯುವುದೂ ಅಷ್ಟಕ್ಕಷ್ಟೇ ಅನ್ನುವವರು ಆಲ್ ಇನ್‌ಕ್ಲೂಸಿವ್ ರಿಸಾರ್ಟಿಗೆ ದುಡ್ಡು ಸುರಿಯಬೇಕಾ? ಹೊರಡುವ ಮೊದಲು ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಇದೇ ಚರ್ಚೆ. ಒಮ್ಮೆ ಹಣ ಕಟ್ಟಿದರೆ ರೂಮು, ಊಟ, ತಿಂಡಿ, ಬಾರು, ಕಯಾಕು, ರಾತ್ರಿಯ ಹಾಡು ಕುಣಿತ ಎಲ್ಲ ಅದರಲ್ಲೇ ಬಂತು. ಆದರೆ ಆ ಹಣದಲ್ಲಿ ನಮ್ಮಂಥವರ ಪಾಲಿಗೆ ಬರುವುದೆಷ್ಟು? ಸಿಗಡಿ ಬೇಡ, ಸ್ಟೀಕ್ ಬೇಡ, ರಮ್ ಬೇಡ. ಉಳಿದದ್ದು ಫ್ರೆಂಚ್ ಫ್ರೈಸ್ ಮತ್ತು ಕಲ್ಲಂಗಡಿ ಹಣ್ಣು. ನನ್ನ ಗಂಡನ ವಾದ ಬೇರೆ. ಮಗಳಿಗೆ ಗಂಟೆಗೊಮ್ಮೆ ಐಸ್‌ಕ್ರೀಮ್ ಬೇಕು, ಅತ್ತೆಗೆ ದೂರ ನಡೆಯಲು ಆಗುವುದಿಲ್ಲ, ನಿನಗೆ ಅಡುಗೆಮನೆಯಿಂದ ರಜೆ ಬೇಕು, ಮೂರೂ ಒಂದೇ ಕಡೆ ಸಿಗುವಾಗ ಲೆಕ್ಕ ಯಾಕೆ ಅಂತ. ಕೊನೆಗೆ ಅವರೇ ಗೆದ್ದರು.

ಜಮೈಕಾ ಆರಿಸಿದ್ದಕ್ಕೆ ಮುಖ್ಯ ಕಾರಣ ಅಮ್ಮನ ಪಾಸ್‌ಪೋರ್ಟು. ಅವಳು ಪುತ್ತೂರಿನಿಂದ ನಮ್ಮಲ್ಲಿಗೆ ಬಂದಿದ್ದ ಹೊತ್ತು. ಭಾರತದ ಪಾಸ್‌ಪೋರ್ಟಿನಲ್ಲಿ ಜಮೈಕಾ ನೋಡಲು ಹೋಗುವವರಿಗೆ ಮೊದಲೇ ವೀಸಾ ಮಾಡಿಸುವ ರಗಳೆ ಇಲ್ಲ. ಅಮ್ಮನ ಅಮೆರಿಕದ ವೀಸಾದಲ್ಲಿ ಎಷ್ಟು ಸಲ ಬೇಕಾದರೂ ಹೋಗಿಬರಬಹುದಿತ್ತು, ಹಾಗಾಗಿ ವಾಪಸು ಬರುವ ಚಿಂತೆಯೂ ಇರಲಿಲ್ಲ. 2024ರ ಕ್ರಿಸ್ಮಸ್ ರಜೆ. ನ್ಯೂವರ್ಕಿನಲ್ಲಿ ಕೋಟು, ಟೊಪ್ಪಿ, ಕೈಗವಸು ಹಾಕಿಕೊಂಡು ಹತ್ತಿದವರು ನಾಲ್ಕು ಗಂಟೆ ಕಳೆದು ಮಾಂಟೆಗೊ ಬೇಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಇಳಿದೆವು.

ಅಲ್ಲಿಂದ ನಮ್ಮ ರಿಸಾರ್ಟ್ ಇದ್ದ ನೆಗ್ರಿಲ್‌ಗೆ ಸುಮಾರು 80 ಕಿಲೋಮೀಟರ್, ಒಂದೂವರೆ ಗಂಟೆಯ ದಾರಿ. ಬ್ರಿಟಿಷರು ಆಳಿದ ದೇಶವಲ್ವಾ, ಗಾಡಿ ಓಡುವುದು ಎಡಗಡೆಯಲ್ಲಿ. ಅಮೆರಿಕಕ್ಕೆ ಬಂದಾಗಿನಿಂದ ಕಾರಲ್ಲಿ ಕೂತರೆ ಗಟ್ಟಿಯಾಗಿ ಸೀಟು ಹಿಡಿದುಕೊಳ್ಳುವ ಅಮ್ಮ ಅವತ್ತು ಆರಾಮಾಗಿ ಒರಗಿ ಕೂತಳು. "ಅಬ್ಬ, ಇಲ್ಲಿಯವರಾದರೂ ಸರಿ ಬದಿಯಲ್ಲಿ ಹೋಗ್ತಾರೆ ಮಾರಾಯ್ತಿ" ಅಂದಳು. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಬಾಳೆ, ಮಾವು, ತೆಂಗು, ತಗಡಿನ ಮಾಡಿನ ಸಣ್ಣ ಅಂಗಡಿಗಳು. ಲೂಸಿಯಾ ಅನ್ನುವ ಊರು ದಾಟುವಾಗ ಮಾತ್ರ ಟ್ರಾಫಿಕ್ಕು.

ರಿಸಾರ್ಟಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ಸ್ವಲ್ಪ ದೂರುವುದಿದೆ. ಬಾಗಿಲಲ್ಲೇ ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಆಮೇಲೆ ಪರ್ಸು ಮುಟ್ಟುವ ಹಾಗೇ ಇಲ್ಲ, ಪಟ್ಟಿ ತೋರಿಸಿದರೆ ಆಯಿತು. ಈ ಪದ್ಧತಿ ಶುರುವಾದದ್ದು ಕೆರಿಬಿಯನ್‌ನಲ್ಲಿ ಅಲ್ಲ. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕ್ಲಬ್ ಮೆಡ್ ಎಂಬ ಪ್ರವಾಸಿ ಸಂಸ್ಥೆಯವರು ಡೇರೆ ಹಾಕಿ ಆರಂಭಿಸಿದರು. ಮುಂದೆ ಅಲ್ಲಿ ಪಾನೀಯಕ್ಕೆ ದುಡ್ಡಿನ ಬದಲು ಮಣಿ ಕೊಡುತ್ತಿದ್ದರಂತೆ. ಜಮೈಕಾದ ಸ್ಯಾಂಡಲ್ಸ್ ತನ್ನ ಮೊದಲ ಹೋಟೆಲ್ಲನ್ನು ಮಾಂಟೆಗೊ ಬೇಯಲ್ಲಿ ತೆರೆದದ್ದು 1981ರಲ್ಲಿ. ಈಗ ಈ ಕರಾವಳಿಯ ತುಂಬಾ ಅದೇ ವ್ಯವಸ್ಥೆ.

ಸಮುದ್ರದ ಬಗ್ಗೆ ಎರಡು ಮಾತಿಲ್ಲ. ಸೆವೆನ್ ಮೈಲ್ ಬೀಚ್ ಅಂತ ಹೆಸರು, ಅಳೆದರೆ ಏಳು ಮೈಲಿ ಇಲ್ಲ, ಇರಲಿ. ಹೊರಗೆ ಹವಳದ ದಿಬ್ಬ ಅಲೆಗಳನ್ನು ತಡೆಯುವುದರಿಂದ ನೀರು ಬಹಳ ಶಾಂತ. ಎಷ್ಟೋ ದೂರ ನಡೆದರೂ ಎದೆ ಮಟ್ಟದ ನೀರು, ಕೆಳಗೆ ನಮ್ಮ ಕಾಲ್ಬೆರಳು ಕಾಣುತ್ತದೆ. ಪಣಂಬೂರಿನಲ್ಲಿ ಪಾದ ಒದ್ದೆಯಾದ ಕೂಡಲೇ ಹಿಂದೆ ಓಡುವ ಅಮ್ಮ ಇಲ್ಲಿ ಚೂಡಿದಾರ ಹಾಕಿಕೊಂಡು ಕುತ್ತಿಗೆವರೆಗೆ ನೀರಿನಲ್ಲಿ ಗಂಟೆಗಟ್ಟಲೆ ಕೂತಳು. ಮೊಮ್ಮಗಳು "ಅಜ್ಜಿ, ಬೆರಳೆಲ್ಲ ಸುಕ್ಕಾಗಿದೆ, ಬಾ" ಅಂದರೂ ಎದ್ದು ಬರಲಿಲ್ಲ. ನೆಗ್ರಿಲ್ ದ್ವೀಪದ ಪಶ್ಚಿಮದ ತುದಿ, ಹಾಗಾಗಿ ಸೂರ್ಯ ಮುಳುಗುವುದನ್ನು ನೋಡಲು ಜನ ಸಂಜೆ ಕ್ಯಾಮೆರಾ ಹಿಡಿದು ಸಾಲುಗಟ್ಟುತ್ತಾರೆ. ಕರಾವಳಿಯಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಅದು ವಿಶೇಷ ಅನ್ನಿಸಲೇ ಇಲ್ಲ.

ಬೀಚಿನ ಕುರ್ಚಿಗಳದ್ದು ಮಾತ್ರ ದೊಡ್ಡ ಪ್ರಹಸನ. ಬೆಳಿಗ್ಗೆ ಆರಕ್ಕೇ ಜನ ಬಂದು ಟವಲ್ ಹಾಸಿ ಹೋಗುತ್ತಾರೆ, ಮಲಗಲು ಬರುವುದು ಹನ್ನೊಂದಕ್ಕೆ. ಸಂತೆ ದಿನ ಕೆಂಪು ಬಸ್ಸಿನ ಕಿಟಕಿಯಿಂದ ಟವಲ್ ತೂರಿಸಿ ಸೀಟು ಹಿಡಿಯುತ್ತಾರಲ್ಲ, ಥೇಟ್ ಹಾಗೇ. ಟವಲ್ ಇಟ್ಟು ಜಾಗ ಹಿಡಿಯಬಾರದು ಅಂತ ಬೋರ್ಡ್ ಹಾಕಿದ್ದರು. ಆ ಬೋರ್ಡಿನ ಕೆಳಗಿನ ಕುರ್ಚಿಯ ಮೇಲೂ ಟವಲ್.

ಇನ್ನು ಊಟ. ಬಫೆ ಅಂದರೆ ಉದ್ದಕ್ಕೆ ಮೇಜುಗಳು, ಎಲ್ಲಿ ನೋಡಿದರೂ ಪಾತ್ರೆ. ಪಾಸ್ತಾ, ಪಿಜ್ಜಾ, ಬ್ರೆಡ್ಡು, ಚೀಸು, ಮೂರು ಬಣ್ಣದ ಕೇಕು. ಕೆನಡಾದವರೂ ಅಮೆರಿಕದವರೂ ಮನೆಯಲ್ಲಿ ತಿನ್ನುವುದನ್ನೇ ಇಲ್ಲಿ ಬಿಸಿಲಲ್ಲಿ ಕೂತು ತಿನ್ನಲಿ ಅಂತ ಮಾಡಿದ ಹಾಗಿತ್ತು. ವೆಜಿಟೇಬಲ್ ಸೂಪ್ ಅಂತ ಚೀಟಿ ಇಟ್ಟ ಪಾತ್ರೆಯಲ್ಲಿ ಇದ್ದದ್ದು ಕೋಳಿ ಬೇಯಿಸಿದ ನೀರು. ಕೇಳಿದ್ದಕ್ಕೆ, ಚೂರುಗಳು ಇಲ್ಲವಲ್ಲ ಮೇಡಂ ಅಂದರು. ಅಮ್ಮ ಬಾಳೆಹಣ್ಣು, ಮೊಸರು, ಬ್ರೆಡ್ಡಿನಲ್ಲೇ ದಿನ ತಳ್ಳಲು ಶುರು ಮಾಡಿದಳು. ಕಟ್ಟಿದ ದುಡ್ಡೆಲ್ಲ ನೀರಿನಲ್ಲಿ ಹೋಮ ಅಂತ ನನಗೆ ಹೊಟ್ಟೆಯುರಿ.

ಇದೆಲ್ಲ ಬದಲಾದದ್ದು ಒಂದು ಮರದಿಂದ. ಈಜುಕೊಳದ ಹಿಂದೆ, ಕೆಲಸದವರು ಓಡಾಡುವ ದಾರಿಯ ಪಕ್ಕ ನಿಂತಿದ್ದ ದೊಡ್ಡ ಮರದ ಕೆಳಗೆ ಅಮ್ಮ ತಲೆಯೆತ್ತಿ ನಿಂತಿದ್ದಳು. ಬೆರಳು ಬಿಡಿಸಿದಂಥ ಅಗಲ ಎಲೆ, ಮೇಲೆ ಹಸಿರು ಕಾಯಿ. "ಜೀಗುಜ್ಜೆ ಮಾರಾಯ್ತಿ! ಇಷ್ಟು ದೊಡ್ಡ ಮರ ಇಟ್ಟುಕೊಂಡು ನಮಗೆ ಪಾಸ್ತಾ ಕೊಡ್ತಾರಲ್ಲ ಇವರು!" ಹೌದು, ನಮ್ಮ ಜೀಗುಜ್ಜೆಯೇ. ಘಟ್ಟದ ಮೇಲಿನವರಿಗೆ ದೀವಿಹಲಸು ಅಂದರೆ ಗೊತ್ತಾದೀತು. ಅಷ್ಟರಲ್ಲಿ ಅಡುಗೆಮನೆಯಿಂದ ಒಬ್ಬ ಕುಕ್ ಹೊರಬಂದ, ಟೊಪ್ಪಿಯೊಳಗೆ ಜಡೆಗಟ್ಟಿದ ಕೂದಲು. ಅಮ್ಮ ಕಾಯಿ ತೋರಿಸಿ, ಸಪೂರ ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿಯುವುದನ್ನು ಕೈಸನ್ನೆಯಲ್ಲೇ ಹೇಳಿದಳು. ಪೋಡಿ ಮಾಡುವ ವಿಧಾನ ಅವನಿಗೆ ಪೂರ್ತಿ ಅರ್ಥವಾಯಿತು! ನಾವು ಮೀನು, ಮಾಂಸ, ಮೊಟ್ಟೆ ಯಾವುದೂ ತಿನ್ನುವುದಿಲ್ಲ ಅಂತ ನಾನು ಸೇರಿಸಿದೆ. "ಓಹೋ, ಐಟಲ್!" ಅಂದ. ಜಮೈಕಾದಲ್ಲೇ ಹುಟ್ಟಿದ ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರ ಊಟದ ಕ್ರಮ ಅದು. ಅವರಲ್ಲಿ ಕಟ್ಟುನಿಟ್ಟಾದವರು ಮಾಂಸ ಮುಟ್ಟುವುದಿಲ್ಲ, ಉಪ್ಪೂ ಹಾಕುವುದಿಲ್ಲ. ಅದೇ ಪಂಥದ ಹಾಡುಗಾರ ಬಾಬ್ ಮಾರ್ಲಿಯ ಊರಿಗೆ ಬಂದು ಸಸ್ಯಾಹಾರ ಸಿಗುವುದಿಲ್ಲ ಅಂತ ಗೊಣಗುತ್ತಿದ್ದೆವಲ್ಲ, ಅವರ ಮಂದಿಯೇ ಅಡುಗೆಮನೆಯಲ್ಲಿದ್ದರು.

ಮರುದಿನದಿಂದ ನಮ್ಮ ಮೇಜಿಗೆ ಬೇರೆಯೇ ಊಟ ಬಂತು. ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಕಪ್ಪಾದ ಸಿಪ್ಪೆ ಕೆತ್ತಿ, ಹೋಳು ಮಾಡಿದ ಜೀಗುಜ್ಜೆ. ಕ್ಯಾಲಲೂ ಅನ್ನುವ ಸೊಪ್ಪಿನ ಪಲ್ಯ, ನೋಡಿದರೆ ನಮ್ಮ ಹರಿವೆಯ ಜಾತಿಯೇ. ಈರುಳ್ಳಿ, ಟೊಮೆಟೊ, ಸ್ಕಾಚ್ ಬಾನೆಟ್ ಮೆಣಸು ಹಾಕಿ ಬಾಡಿಸಿದ್ದು, ತೆಂಗಿನತುರಿ ಒಂದೇ ಕಡಿಮೆ. ಚೋ ಚೋ ಅಂದರೆ ಸೀಮೆಬದನೆ. ಗುಂಗೋ ಪೀಸ್ ಅಂದರೆ ತೊಗರಿ, ಹಸಿ ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಅಕ್ಕಿ ಜೊತೆ ಬೇಯಿಸುತ್ತಾರೆ, ಕ್ರಿಸ್ಮಸ್‌ನಲ್ಲಿ ಇದು ಬೇಕೇ ಬೇಕಂತೆ. ಬ್ಯಾಮಿ ಅಂದರೆ ಮರಗೆಣಸಿನ ದಪ್ಪ ರೊಟ್ಟಿ. ಕುಡಿಯಲು ಸೋರೆಲ್, ಶುಂಠಿ ಹಾಕಿದ ಕಡುಗೆಂಪು ಹುಳಿ ಸಿಹಿ ಪಾನೀಯ. ಉತ್ತರ ಕರ್ನಾಟಕದಲ್ಲಿ ಪಲ್ಯ ಮಾಡುವ ಪುಂಡಿಯ ಬಳಗದ ಗಿಡ ಅದು, ಇವರು ಸೊಪ್ಪಿನ ಬದಲು ಹೂವಿನ ಬುಡದ ಕೆಂಪು ಹೊದಿಕೆ ಬಳಸುತ್ತಾರೆ. ಅಕೀ ಒಂದು ಮಾತ್ರ ನಮಗೆ ಪೂರ್ತಿ ಹೊಸದು. ಕೆಂಪು ಕಾಯಿ, ಮರದಲ್ಲೇ ತಾನಾಗಿ ಬಾಯಿ ಬಿಟ್ಟ ಮೇಲೆ ಮಾತ್ರ ಕೀಳಬೇಕು, ಅದಕ್ಕೂ ಮೊದಲು ತಿಂದರೆ ವಿಷ, ಜೀವಕ್ಕೇ ಅಪಾಯ. ಒಳಗಿನ ಹಳದಿ ತಿರುಳನ್ನು ಸಾಮಾನ್ಯವಾಗಿ ಉಪ್ಪು ಮೀನಿನ ಜೊತೆ ಮಾಡುತ್ತಾರೆ, ನಮಗೆ ಮೀನಿಲ್ಲದೆ ಮಾಡಿಕೊಟ್ಟರು. ಬೆಣ್ಣೆಯಷ್ಟು ಮೆದು. ನನಗೆ ಹಿಡಿಸಿತು, ಮೊಟ್ಟೆಬುರ್ಜಿ ಥರ ಕಾಣುತ್ತದೆ ಅಂತ ಅಮ್ಮ ತಟ್ಟೆ ದೂರ ಸರಿಸಿದಳು.

ಜೀಗುಜ್ಜೆ ಇಲ್ಲಿಗೆ ಹೇಗೆ ಬಂತು? ಅಮ್ಮನ ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಅಷ್ಟೇನೂ ಸುಖದ ಕಥೆ ಅಲ್ಲ. ಕಬ್ಬಿನ ತೋಟದ ಗುಲಾಮರ ಹೊಟ್ಟೆಗೆ ಅಗ್ಗದ ಆಹಾರ ಬೇಕಿತ್ತು. ಅದಕ್ಕೆ ಬ್ರಿಟಿಷರು ಪೆಸಿಫಿಕ್‌ನ ತಾಹಿತಿಯಿಂದ ಈ ಗಿಡ ತರಲು ಕ್ಯಾಪ್ಟನ್ ಬ್ಲೈನನ್ನು ಕಳಿಸಿದರು. ಮೊದಲ ಸಲ, 1789ರಲ್ಲಿ, ಬೌಂಟಿ ಹಡಗಿನ ನಾವಿಕರೇ ದಂಗೆಯೆದ್ದು ಅವನನ್ನು ದೋಣಿಯಲ್ಲಿ ಸಮುದ್ರಕ್ಕೆ ಬಿಟ್ಟರು, ಗಿಡಗಳನ್ನು ನೀರಿಗೆ ಎಸೆದರು. ಆಸಾಮಿ ಬದುಕಿ ಬಂದು, ಎರಡನೇ ಸಲ ಹೋಗಿ, 1793ರಲ್ಲಿ ಜಮೈಕಾಕ್ಕೆ ಗಿಡ ತಲುಪಿಸಿದ. ಆದರೆ ಯಾರಿಗಾಗಿ ತಂದರೋ ಅವರು ಅದನ್ನು ಬಹಳ ಕಾಲ ಇಷ್ಟಪಡಲೇ ಇಲ್ಲವಂತೆ. ಇವತ್ತು ಅದೇ ಅವರ ಮನೆಮನೆಯ ಊಟ. ಅಕೀಯ ಸಸ್ಯಶಾಸ್ತ್ರದ ಹೆಸರಿನಲ್ಲೂ ಬ್ಲೈ ಕೂತಿದ್ದಾನೆ, ಬ್ಲೈಗಿಯಾ ಸಪಿಡಾ ಅಂತ. ಆ ಮರ ಬಂದದ್ದು ಮಾತ್ರ ಪಶ್ಚಿಮ ಆಫ್ರಿಕಾದಿಂದ.

ಒಂದು ದಿನ ಪಟ್ಟಿ ಕಟ್ಟಿಕೊಂಡೇ ಗೇಟಿನ ಹೊರಗೆ ಹೋದೆವು. ಕೆಂಪು ನಂಬರ್ ಪ್ಲೇಟ್ ಇರುವ ಗಾಡಿಯನ್ನೇ ಹತ್ತಿ, ಅವು ಬಾಡಿಗೆಗೆ ಲೈಸೆನ್ಸ್ ಇರುವ ಗಾಡಿಗಳು ಅಂತ ಮೊದಲೇ ಹೇಳಿದ್ದರು. ಡ್ರೈವರ್ ಅಮ್ಮನನ್ನು ನೋಡಿ, ನನ್ನ ತಾಯಿಯ ಕಡೆಯವರೂ ಇಂಡಿಯಾದಿಂದ ಬಂದವರು ಅಂದ. ಇದ್ದದ್ದೇ. ಗುಲಾಮಗಿರಿ 1838ರಲ್ಲಿ ಪೂರ್ತಿ ಮುಗಿದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1845ರ ಮೇ 10ರಂದು ಮೇಡ್‌ಸ್ಟೋನ್ ಎಂಬ ಹಡಗು ಮೊದಲ ಭಾರತೀಯ ಕೂಲಿಗಳನ್ನು ಓಲ್ಡ್ ಹಾರ್ಬರ್ ಬೇಯಲ್ಲಿ ಇಳಿಸಿತು. 1917ರವರೆಗೆ ಹೀಗೆ ಬಂದವರು 36 ಸಾವಿರಕ್ಕೂ ಜಾಸ್ತಿ, ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ನೆಗ್ರಿಲ್ ಸೇರುವ ವೆಸ್ಟ್‌ಮೋರ್‌ಲ್ಯಾಂಡ್ ಕಬ್ಬಿನ ಸೀಮೆ, ಅಲ್ಲಿ ಅವರ ಸಂತತಿ ಇನ್ನೂ ಬಹಳ ಇದೆ. ಅವನಿಗೆ ಹಿಂದಿ ಒಂದು ಅಕ್ಷರ ಬಾರದು, ಆದರೆ ಅಜ್ಜಿ ರೊಟ್ಟಿ ಮಾಡುತ್ತಿದ್ದದ್ದು ನೆನಪಿದೆ. ಆಡಿನ ಸಾರು ಈಗ ಇಡೀ ದೇಶದ ಹಬ್ಬದ ಅಡುಗೆ.

ತೆಂಗು ಯಾಕೆ ಇಷ್ಟು ಗಿಡ್ಡ ಅಂತ ಅಮ್ಮ ಕೇಳಿದಳು. ತೋಟ ಇರುವವರ ಪ್ರಶ್ನೆ ನೋಡಿ. ಹಿಂದೆ ಇಲ್ಲಿ ಎತ್ತರದ ತೆಂಗೇ ಇತ್ತು. ಲೀಥಲ್ ಯೆಲ್ಲೋಯಿಂಗ್ ಅನ್ನುವ ಹಳದಿ ರೋಗ 1960, 70ರ ದಶಕಗಳಲ್ಲಿ ಹಬ್ಬಿ ಲಕ್ಷಾಂತರ ಮರ ಹೋದವು. ಆಮೇಲೆ ಮಲಯದ ಗಿಡ್ಡ ತಳಿ, ಅದರ ಮಿಶ್ರತಳಿ ನೆಟ್ಟರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಒದ್ದಾಡಿದ ಅಮ್ಮ ಡ್ರೈವರ್ ಜೊತೆ ತನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡಿದಳು. ಇಬ್ಬರಿಗೂ ಏನು ಅರ್ಥವಾಯಿತೋ ಗೊತ್ತಿಲ್ಲ, ಕೊನೆಗೆ ಅವನು ಎಳನೀರಿನ ದುಡ್ಡು ತೆಗೆದುಕೊಳ್ಳಲಿಲ್ಲ. ವೆಸ್ಟ್ ಎಂಡ್‌ನ ಬಂಡೆಗಳ ಮೇಲಿನ ರಿಕ್ಸ್ ಕೆಫೆಗೂ ಹೋದೆವು. 35 ಅಡಿ ಎತ್ತರದಿಂದ ಹುಡುಗರು ಸಮುದ್ರಕ್ಕೆ ಹಾರುತ್ತಾರೆ, ಜನ ಕಿರುಚುತ್ತಾರೆ. ಒಮ್ಮೆ ನೋಡಬಹುದು.

ರಿಸಾರ್ಟಿನಲ್ಲಿ ನನಗೆ ಕೊನೆವರೆಗೂ ಸರಿ ಕಾಣದ್ದು ಆ ಹಗ್ಗ. ಮರಳಿನಲ್ಲಿ ಹಗ್ಗ ಕಟ್ಟಿ, ಪಕ್ಕದಲ್ಲಿ ಸೆಕ್ಯುರಿಟಿ ಗಾರ್ಡ್. ಆಚೆ ಮರದ ಕೆತ್ತನೆ, ಮಣಿಸರ ಮಾರುವವರು ನಿಂತು ಕೂಗುತ್ತಾರೆ, ಈಚೆ ನಾವು. ನಮ್ಮೂರಲ್ಲಿ ಯಾರು ಬೇಕಾದರೂ ಬೀಚಿಗೆ ಹೋಗಬಹುದು. ಜಮೈಕಾದಲ್ಲಿ 1956ರ ಬೀಚ್ ಕಂಟ್ರೋಲ್ ಕಾಯಿದೆಯ ಪ್ರಕಾರ ತೀರ ಸರ್ಕಾರದ್ದು, ಲೈಸೆನ್ಸ್ ಪಡೆದ ಹೋಟೆಲಿನವರು ಬಳಸುತ್ತಾರೆ, ಸಾಮಾನ್ಯ ಜನರಿಗೆ ಅಲ್ಲಿ ಇಳಿದು ಈಜುವ ಹಕ್ಕು ತಾನಾಗಿ ಬರುವುದಿಲ್ಲ. ತಮ್ಮದೇ ಸಮುದ್ರಕ್ಕೆ ದಾರಿ ಕೇಳಿ ಅಲ್ಲಿಯವರು ಕೋರ್ಟಿಗೆ ಹೋಗಿದ್ದಾರೆ. ನಮಗೆ ಊಟ ಬಡಿಸಿದ ಹುಡುಗಿ ರಜೆಯ ದಿನ ಇದೇ ಮರಳಿನಲ್ಲಿ ಬಂದು ಕೂರುವ ಹಾಗಿಲ್ಲ. ಇದನ್ನು ತಿಳಿದ ಮೇಲೆ ಕುರ್ಚಿ ಜಗಳವೆಲ್ಲ ನಾಚಿಕೆಗೇಡು ಅನ್ನಿಸಿತು. ನಾವು ಹಗ್ಗ ದಾಟಿ ಹೋಗಿ ಚೌಕಾಸಿ ಮಾಡಿಯೇ ಒಂದು ಮರದ ಆಮೆ ತಂದೆವು. ನಾವು ಹೋದಾಗ ಒಂದು ಅಮೆರಿಕನ್ ಡಾಲರಿಗೆ ಸುಮಾರು 155 ಜಮೈಕನ್ ಡಾಲರ್ ಇತ್ತು, ಬೆಲೆ ಯಾವ ಡಾಲರಿನಲ್ಲಿ ಅಂತ ಮೊದಲೇ ಕೇಳಿಕೊಳ್ಳಿ.

ನಾವು ಬಂದ ಮುಂದಿನ ವರ್ಷ, 2025ರ ಅಕ್ಟೋಬರ್ 28ರಂದು, ಮೆಲಿಸ್ಸಾ ಚಂಡಮಾರುತ ಇದೇ ಪಶ್ಚಿಮ ಜಮೈಕಾಕ್ಕೆ ಅಪ್ಪಳಿಸಿತು. ಐದನೇ ದರ್ಜೆಯದು, ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಹಾಗಾಗಿ ಈಗ ಹೋಗುವವರು ಯಾವ ಹೋಟೆಲ್ ತೆರೆದಿದೆ, ರಸ್ತೆ ಹೇಗಿದೆ ಅಂತ ನೋಡಿಕೊಂಡೇ ಬುಕ್ ಮಾಡಿ. ಹೋಗಬೇಡಿ ಅಂತ ಮಾತ್ರ ನಾನು ಹೇಳುವುದಿಲ್ಲ, ಆ ಊರಿನವರ ಸಂಬಳ ಬರುವುದೇ ಹೋಗುವವರಿಂದ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯದು, ಆದರೆ ದರ ಜಾಸ್ತಿ.

ದುಡ್ಡು ಗಿಟ್ಟಿತಾ? ಗಂಡನ ಪ್ರಕಾರ ಮಗಳ ಐಸ್‌ಕ್ರೀಮಿನಲ್ಲೇ ಗಿಟ್ಟಿತು. ಅಮ್ಮನ ಪ್ರಕಾರ ಅಡುಗೆಮನೆ ಇರುವ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದರೆ ಸಾಕಿತ್ತು, ಜೀಗುಜ್ಜೆ ಹುಳಿಯನ್ನೂ ಮಾಡಬಹುದಿತ್ತು. "ಅತ್ತೆ, ರಜೆಯಲ್ಲೂ ಅಡುಗೆಯಾ?" ಅಂತ ಇವರು. ನನ್ನ ಓಟು ಈ ವಿಷಯದಲ್ಲಿ ಗಂಡನಿಗೇ. ಆದರೆ ಸಸ್ಯಾಹಾರಿಗಳು ಹೋಗುವುದಾದರೆ ಬಫೆ ಸಾಲಿನಲ್ಲಿ ನಿಲ್ಲುವ ಮೊದಲೇ ಒಳಗೆ ಹೋಗಿ ಕುಕ್‌ನನ್ನು ಮಾತಾಡಿಸಿ, "ಐಟಲ್" ಅನ್ನಿ, ಸೂಪಿಗೆ ಏನು ನೀರು ಹಾಕಿದ್ದೀರಿ ಅಂತ ಬಿಡಿಸಿ ಕೇಳಿ. ಪ್ಯಾಕೇಜಿನಲ್ಲಿ ಟಿಪ್ಸ್ ಸೇರಿದೆ ಅಂತ ಬರೆದಿದ್ದರೂ, ಬೇರೆ ಪಾತ್ರೆಯಲ್ಲಿ ನಿಮಗಾಗಿ ಬೇಯಿಸಿದವನ ಕೈಗೆ ಹೊರಡುವ ಮೊದಲು ಏನಾದರೂ ಕೊಡಿ. ಸ್ಕಾಚ್ ಬಾನೆಟ್ ಮೆಣಸನ್ನು ಮಾತ್ರ ಗಾಂಧಾರಿ ಮೆಣಸು ತಿಂದ ಧೈರ್ಯದಲ್ಲಿ ಕಚ್ಚಬೇಡಿ.