ಸಣ್ಣ ಸೀಳಿದ್ರೂ ಬ್ಯಾಡ
ವಿಜಯಪುರದ ಧೂಳಿನಾಗ ಕಣ್ಣು ಚುಚ್ಚಿದ್ರ ಧೂಳೋ ಕಾಂಟ್ಯಾಕ್ಟ್ ಲೆನ್ಸೋ ತಿಳಿಯಂಗಿಲ್ಲ. ಗಾಂಧಿ ಚೌಕದಿಂದ ಬಂದ ತಂಗಿಗೆ ಇವತ್ತ ಹಂಗ ಆತು. ಲೆನ್ಸ್ ತಗದು, ಸಲ್ಯೂಷನ್ ಹಾಕಿ ತೊಳದು, ಬೆರಳ ತುದಿ ಮ್ಯಾಲಿಟ್ಟು ಬೆಳಕಿಗೆ ಹಿಡದ್ವಿ. ಅಂಚಿನಾಗ ಕೂದಲೆಳಿಯಷ್ಟು ಸೀಳು.

"ಹೊಸಾದು ಅಕ್ಕಾ, ಇವತ್ತೊಂದಿನ ಹಾಕ್ಕೋತೀನಿ" ಅಂದ್ಲು. ಬ್ಯಾಡ ಅಂದ್ರ ಬ್ಯಾಡ. ರೆಪ್ಪೆ ಬಡದಾಗೊಮ್ಮೆ ಆ ಸೀಳು ಕಾರ್ನಿಯಾ, ಅಂದ್ರ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕೆರಿತದ, ಗಾಯದಾಗ ಸೋಂಕು ಹೊಗ್ತದ. ಕಣ್ಣಿನ ಮುಂದ ರೊಕ್ಕದ ಲೆಕ್ಕ ಯಾಕ ಹಾಕ್ತೀವೋ, ನನಗಂತೂ ಸಂಕಟ ಆಗ್ತದ.

ಲೆನ್ಸಿನ ಚೂರು ಕಳಚಿದ್ರ ಮ್ಯಾಲಿನ ರೆಪ್ಪೆ ಕೆಳಗ ಸಿಕ್ಕಿರಬಹುದು. ಕಣ್ಣಿನ ಹಿಂದ ಹೋಗೂದಿಲ್ಲ, ಗಾಬರಿ ಆಗಬ್ಯಾಡ್ರಿ. ನಳದ ನೀರಿನಾಗ ಲೆನ್ಸ್ ತೊಳಿಬ್ಯಾಡ್ರಿ, ಅದರಾಗ ಕಣ್ಣಿಗೆ ಸೋಂಕು ತರೋ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಲೆನ್ಸ್ ತಗದ ಮ್ಯಾಲೂ ನೋವು, ಕೆಂಪು, ಮಂಜು ಇದ್ರ ಅದ ದಿನಾ ಕಣ್ಣಿನ ಡಾಕ್ಟರಿಗೆ ತೋರಸ್ರಿ.