ಬೌದ್ಧ ದೇಗುಲಗಳ ಫೋಟೋ ಕೆಲಸ ಎಲ್ಲಿಗೆ ಬಂತು

ಶುರುವಿನಲ್ಲಿ ಈ ಯೋಜನೆ ತುಂಬ ಸರಳವಾಗಿತ್ತು. ಬೇರೆ ಬೇರೆ ದೇಶಗಳ ಬೌದ್ಧ ದೇಗುಲಗಳಿಗೆ ಹೋಗುವುದು, ಒಳ್ಳೆಯ ಫೋಟೋ ತೆಗೆಯುವುದು, ಅಷ್ಟೇ. ಈಗ ಪ್ರತಿ ಜಾಗದಲ್ಲೂ ಎರಡು ಸೆಟ್ ತೆಗೆಯುತ್ತಿದ್ದೇನೆ. ಒಂದು, ಫ್ರೇಮ್ ಹಾಕಿಸಿ ಇಡಬಹುದಾದಂಥದ್ದು. ಇನ್ನೊಂದು ಬರೀ ದಾಖಲೆಗೆ. ಗೋಡೆಗೆ ನೇರವಾಗಿ ನಿಂತು, ಏನನ್ನೂ ಬಿಡದೆ, ಕಂಬದ ಬುಡ, ಮೂಲೆ, ಬಿರುಕು, ಹಾವಸೆ ಎಲ್ಲವನ್ನೂ ಸಾಲಾಗಿ ತೆಗೆಯುತ್ತಾ ಹೋಗುವುದು. ಈ ಎರಡನೆಯ ಸೆಟ್‌ನಲ್ಲಿ ಹೇಳಿಕೊಳ್ಳುವಂಥ ಚೆಂದವೇನೂ ಇಲ್ಲ. ಆದರೂ ನನ್ನ ಸಮಯವೆಲ್ಲ ಈಗ ಅದಕ್ಕೇ ಹೋಗುತ್ತಿದೆ, ಹೋಗಲಿ ಅಂತಲೇ ಬಿಟ್ಟಿದ್ದೇನೆ.

ಇದಕ್ಕೆ ಕಾರಣ ಜಪಾನಿನ ನಾರಾ ಪ್ರಾಂತ್ಯದ ಹೊರ್ಯೂಜಿ ದೇಗುಲ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅಲ್ಲಿನ ಮುಖ್ಯ ಮಂದಿರದ ಗೋಡೆಗಳ ಮೇಲೆ ಬಹಳ ಹಳೆಯ ಬೌದ್ಧ ಚಿತ್ರಗಳಿದ್ದವು. 1949ರ ಜನವರಿ 26ರಂದು ಬೆಂಕಿ ಬಿದ್ದು ಅವು ಹಾಳಾದವು. ಆದರೆ 1935ರಲ್ಲೇ ಕ್ಯೋಟೋದ ಬೆನ್ರಿದೋ ಸಂಸ್ಥೆಯವರು ಆ ಗೋಡೆಗಳನ್ನು ಭಾಗ ಭಾಗ ಮಾಡಿ, ಮೂಲದ ಅಳತೆಯಲ್ಲೇ, ಗಾಜಿನ ಪ್ಲೇಟುಗಳ ಮೇಲೆ ಫೋಟೋ ತೆಗೆದಿಟ್ಟಿದ್ದರು. 1960ರ ದಶಕದ ಕೊನೆಯಲ್ಲಿ ಕಲಾವಿದರು ಚಿತ್ರಗಳನ್ನು ಮತ್ತೆ ಬರೆದಾಗ ಅವರಿಗೆ ಆಧಾರವಾಗಿದ್ದು ಆ ಪ್ಲೇಟುಗಳೇ. ತೆಗೆದವರಿಗೆ ಮುಂದೆ ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ, ಅಲ್ವಾ? ಅವರು ಅಚ್ಚುಕಟ್ಟಾಗಿ ತಮ್ಮ ಕೆಲಸ ಮಾಡಿದ್ದರು.

ಅಜಂತಾದ ಕಥೆ ಇದಕ್ಕೆ ತಿರುಗಾಮುರುಗಾ. ರಾಬರ್ಟ್ ಗಿಲ್ ಎಂಬ ಬ್ರಿಟಿಷ್ ಸೇನಾಧಿಕಾರಿ 1840ರ ದಶಕದಿಂದ ವರ್ಷಗಟ್ಟಲೆ ಕೂತು ಗುಹೆಯ ಚಿತ್ರಗಳನ್ನು ಕ್ಯಾನ್ವಾಸಿಗೆ ಇಳಿಸಿದ. ಅವುಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಯಲ್ಲಿ ಹೋದವು. ಇಲ್ಲಿ ಮೂಲ ಉಳಿಯಿತು, ನಕಲು ಹೋಯಿತು. ಹಾಗಾಗಿ ನನ್ನ ಫೈಲುಗಳ ಮೂರು ಪ್ರತಿ ಬೇರೆ ಬೇರೆ ಕಡೆ ಇಟ್ಟಿದ್ದೇನೆ.

ಬೊರೊಬುದುರ್

ಸದ್ಯಕ್ಕೆ ಅತಿ ದೊಡ್ಡ ಫೋಲ್ಡರ್ ಇದೇ. ಮಧ್ಯ ಜಾವಾದ ಈ ಸ್ಮಾರಕದಲ್ಲಿ ಒಟ್ಟು 2,672 ಉಬ್ಬುಶಿಲ್ಪದ ಫಲಕಗಳಿವೆ. ಕೆಳಗೆ ಚೌಕಾಕಾರದ ಹಂತಗಳು, ಮೇಲೆ ಮೂರು ದುಂಡು ಹಂತಗಳು, ಅವುಗಳ ಮೇಲೆ ಕಿಂಡಿಕಿಂಡಿಯ 72 ಸ್ತೂಪಗಳು. ಎಲ್ಲ ಫೋಟೋಗಳಲ್ಲೂ ನಾವು ನೋಡುವುದು ಆ ಸ್ತೂಪಗಳನ್ನೇ. ನಾನು ಜಾಸ್ತಿ ಹೊತ್ತು ಇದ್ದದ್ದು ಮೊದಲ ಹಂತದ ಓಣಿಯಲ್ಲಿ. ಅಲ್ಲಿ ಒಳಗೋಡೆಯ ಮೇಲಿನ ಸಾಲಿನ 120 ಫಲಕಗಳಲ್ಲಿ ಬುದ್ಧನ ಕಥೆ ಇದೆ. ಹುಟ್ಟುವ ಮೊದಲು ಅವನಿದ್ದ ತುಷಿತ ಎಂಬ ದೇವಲೋಕದಿಂದ ಶುರುವಾಗಿ ಮೊದಲ ಉಪದೇಶಕ್ಕೆ ಮುಗಿಯುತ್ತದೆ.

ಇದನ್ನು ಪ್ರದಕ್ಷಿಣೆ ಹಾಕುತ್ತಲೇ ಓದಬೇಕು. ಪೂರ್ವದ ಮೆಟ್ಟಿಲಿನಿಂದ ಹೊರಟು ಸ್ಮಾರಕವನ್ನು ಬಲಕ್ಕಿಟ್ಟುಕೊಂಡು ನಡೆಯುವುದು. ಹಾಗಾಗಿ ಒಳಗೋಡೆಗೆ ಮುಖ ಮಾಡಿ ನಿಂತರೆ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಹಿಂದೆ ತಿರುಗಿ ಮೋಟುಗೋಡೆ ನೋಡಿದರೆ ಎಡದಿಂದ ಬಲಕ್ಕೆ. ಫೋಟೋಗಳನ್ನು ಪಕ್ಕಪಕ್ಕ ಜೋಡಿಸುವಾಗ ಇದು ತಲೆಯಲ್ಲಿರಲೇಬೇಕು. ಈಗ ಫೈಲ್ ಹೆಸರಿನಲ್ಲೇ ಹಂತ, ದಿಕ್ಕು, ಯಾವ ಗೋಡೆ, ಎಷ್ಟನೇ ಫಲಕ ಅಂತ ಹಾಕುತ್ತಿದ್ದೇನೆ. ಪೂರ್ವ ಮತ್ತು ದಕ್ಷಿಣದ ಒಳಗೋಡೆ ಮುಗಿದಿದೆ. ಪಶ್ಚಿಮ ಅರ್ಧ ಆಗಿದೆ. ಉತ್ತರ ಬಾಕಿ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಉಬ್ಬುಶಿಲ್ಪದ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಯನ್ನು ಸವರಿಕೊಂಡು ಹೋಗುವ ಬಿಸಿಲು ಬೇಕು. ಪೂರ್ವದ ಗೋಡೆಗೆ ಅದು ಸಿಗುವುದು ಸೂರ್ಯ ನೆತ್ತಿಗೆ ಬರುವುದಕ್ಕೆ ಸ್ವಲ್ಪ ಮುಂಚೆ, ಪಶ್ಚಿಮದ ಗೋಡೆಗೆ ಸ್ವಲ್ಪ ಆಮೇಲೆ. ಸಾಮಾನ್ಯವಾಗಿ ಎಲ್ಲರೂ ಕ್ಯಾಮೆರಾ ಒಳಗಿಡುವ ಹೊತ್ತು ಅದು. ಹೆಸರುವಾಸಿಯಾದ ಆ ಹಡಗಿನ ಫಲಕ ಇದೆಯಲ್ಲ, ಅದನ್ನು ಅಂಥ ಬಿಸಿಲಿನಲ್ಲಿ ನೋಡಿದೆ. ಹಾಯಿಯ ಹಗ್ಗಗಳು ಒಂದೊಂದೂ ಬೇರೆಯಾಗಿ ಎದ್ದು ಕಂಡವು. ಹಡಗಿನ ಪಕ್ಕಕ್ಕೆ ಚಾಚಿದ ಮರದ ತೇಲು, ಅದರ ಮೇಲೆ ಹತ್ತಿದ ಜನ, ಅವರ ಬಾಗಿದ ಬೆನ್ನು, ಎಲ್ಲಕ್ಕೂ ಅದರದರ ನೆರಳು. ಈ ಶಿಲ್ಪ ನೋಡಿಕೊಂಡೇ ಒಂದು ಹಡಗು ಕಟ್ಟಿ 2003-04ರಲ್ಲಿ ಇಂಡೋನೇಷ್ಯಾದಿಂದ ಘಾನಾವರೆಗೆ ಹೋಗಿದ್ದರು. ಕೆತ್ತಿದವನಿಗೆ ಹಡಗಿನ ಕೆಲಸ ಚೆನ್ನಾಗಿ ಗೊತ್ತಿತ್ತು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಮೇಲೆ ಹತ್ತಲು ಈಗ ಜನರ ಮಿತಿ ಇದೆ. ಗೈಡ್ ಜೊತೆಗೇ ಹೋಗಬೇಕು, ಕಲ್ಲು ಸವೆಯದಿರಲಿ ಅಂತ ಅವರೇ ಕೊಡುವ ಹೆಣೆದ ಚಪ್ಪಲಿ ಹಾಕಿಕೊಳ್ಳಬೇಕು. ಕೆಲಸ ನಿಧಾನವಾಗುತ್ತದೆ ನಿಜ. ಆದರೆ ಮೆಟ್ಟಿಲುಗಳು ಎಷ್ಟು ಸವೆದಿವೆ ಅಂತ ಕಣ್ಣಾರೆ ನೋಡಿದ ಮೇಲೆ ಈ ನಿಯಮ ಬೇಕೇ ಬೇಕು ಅನ್ನಿಸಿತು.

ಇಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಭಾಗ. ಒಟ್ಟು ಫಲಕಗಳಲ್ಲಿ 160 ಸ್ಮಾರಕದ ಬುಡದಲ್ಲಿವೆ. ಕರ್ಮ ಮತ್ತು ಅದರ ಫಲವನ್ನು ತೋರಿಸುವ ಚಿತ್ರಗಳು ಅವು. ಹಿಂದೆಯೇ ಅವುಗಳ ಮುಂದೆ ಕಲ್ಲು ಪೇರಿಸಿ ಮುಚ್ಚಿದ್ದರು. 1885ರಲ್ಲಿ ಅವು ಪತ್ತೆಯಾದವು. 1890-91ರಲ್ಲಿ ಕಲ್ಲುಗಳನ್ನು ತೆಗೆದು, ಯೋಗ್ಯಕರ್ತದ ಕಾಸಿಯಾನ್ ಸೆಫಾಸ್ ಎಂಬ ಜಾವಾದ ಫೋಟೋಗ್ರಾಫರ್ ಕೈಯಲ್ಲಿ ಎಲ್ಲದರ ಫೋಟೋ ತೆಗೆಸಿ, ಮತ್ತೆ ಮುಚ್ಚಿದರು. ಇವತ್ತು ಆಗ್ನೇಯ ಮೂಲೆಯಲ್ಲಿ ಮಾತ್ರ ಕೆಲವು ಫಲಕ ಕಾಣುತ್ತವೆ. ಉಳಿದದ್ದನ್ನು ಜಗತ್ತು ನೋಡುವುದು ಸೆಫಾಸ್ ಕಣ್ಣಿನಿಂದ. ಕೆಲವು ಫಲಕಗಳ ಮೇಲೆ ಶಿಲ್ಪಿಗಳಿಗೆ ಸೂಚನೆಯಂತೆ ಕಾಣುವ ಪುಟ್ಟ ಬರಹಗಳೂ ಇವೆ. ಆ ಮೂಲೆಯಲ್ಲಿ ನಿಂತು ನಾನೂ ಅದೇ ಕೋನದಿಂದ ತೆಗೆದೆ. ನೂರು ವರ್ಷ ಮೀರಿದ ಆ ಫೋಟೋ ಪಕ್ಕ ಇಟ್ಟು ನೋಡಿದರೆ, ವಿವರದಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ.

ಬಗಾನ್

ಮ್ಯಾನ್ಮಾರಿನ ಬಗಾನ್‌ನಲ್ಲಿ ನೂರಾರು ದೇಗುಲಗಳಿವೆ, ಆದರೆ ಈ ಸಲದ ಟಿಪ್ಪಣಿ ಆನಂದ ದೇಗುಲದ ಒಂದೇ ಒಂದು ವಿಗ್ರಹದ್ದು. ಒಳಗೆ ನಾಲ್ಕು ದಿಕ್ಕಿಗೆ ನಿಂತ ನಾಲ್ಕು ಬುದ್ಧರಿದ್ದಾರೆ. ಮೇಲಿನ ಕಿಂಡಿಯಿಂದ ಬರುವ ಬೆಳಕು ಸೀದಾ ಮುಖದ ಮೇಲೆ ಬೀಳುತ್ತದೆ. ದಕ್ಷಿಣದ ಬುದ್ಧ ದೂರದಿಂದ ನಗುತ್ತಿದ್ದಾನೆ. ಪಾದದ ಹತ್ತಿರ ಹೋಗಿ ತಲೆಯೆತ್ತಿದರೆ ಮುಖ ಗಂಭೀರ, ಸ್ವಲ್ಪ ದುಃಖವೇ ಇದೆ. ಹಾಗಾಗಿ ಇದಕ್ಕೆ ಒಂದೇ ಫೋಟೋ ಸಾಲದು. ಬಾಗಿಲಿನಿಂದ ಉದ್ದದ ಲೆನ್ಸ್‌ನಲ್ಲಿ ಒಂದು, ಅಲ್ಲಿಂದ ಹೆಜ್ಜೆ ಹೆಜ್ಜೆಗೂ ಒಂದೊಂದು, ಕೊನೆಗೆ ಪಾದದಡಿ ಅಗಲದ ಲೆನ್ಸ್‌ನಲ್ಲಿ ಒಂದು. ಮಧ್ಯದ ಯಾವುದೋ ಹೆಜ್ಜೆಯಲ್ಲಿ ತುಟಿಯ ಕೊನೆ ಇಳಿದುಬಿಡುತ್ತದೆ. ಈ ಸಾಲು ನನ್ನ ಸಂಗ್ರಹದಲ್ಲೇ ನನಗೆ ಇಷ್ಟವಾದದ್ದು.

2016ರ ಭೂಕಂಪದಲ್ಲಿ ಬಗಾನ್‌ನ ನೂರಾರು ಕಟ್ಟಡಗಳಿಗೆ ಪೆಟ್ಟಾಯಿತು. ಹಳೆಯ ಫೋಟೋಗಳನ್ನು ಹುಡುಕಿ ಅದೇ ಜಾಗದಿಂದ ತೆಗೆಯುವ ಕೆಲಸ ಅಲ್ಲಿಂದಲೇ ಶುರು ಮಾಡಿದ್ದೇನೆ.

ನಿಯಮಗಳ ಬಗ್ಗೆ

ಥಾಯ್ಲೆಂಡಿನ ಆಯುತ್ತಾಯದಲ್ಲಿ, ಮರದ ಬೇರುಗಳ ನಡುವೆ ಸಿಕ್ಕಿಕೊಂಡ ಬುದ್ಧನ ತಲೆಯ ಮುಂದೆ ಫೋಟೋಗೆ ಕೂರಲೇಬೇಕು. ನಮ್ಮ ತಲೆ ಬುದ್ಧನ ತಲೆಗಿಂತ ಮೇಲಿರಬಾರದು. ಕೂತಾಗಲೇ ಆ ಮುಖ ಸರಿಯಾಗಿ ಕಾಣುವುದು ಕೂಡ. ಶ್ರೀಲಂಕಾದಲ್ಲಿ ವಿಗ್ರಹಕ್ಕೆ ಬೆನ್ನು ಹಾಕಿ ಪೋಸ್ ಕೊಡುವಂತಿಲ್ಲ. ಅಜಂತಾದಲ್ಲಿ ಫ್ಲಾಶ್ ಇಲ್ಲ.

ಕ್ಯಾಮೆರಾವೇ ಬೇಡ ಅನ್ನುವ ಜಾಗಗಳಿಗೂ ಹೋಗುತ್ತಿದ್ದೇನೆ. ಕ್ಯೋಟೋದ ಸಂಜೂಸಾಂಗೆಂದೋ ದೇಗುಲದಲ್ಲಿ ಕರುಣೆಯ ಬೋಧಿಸತ್ವ ಕಾನ್ನೋನ್‌ನ 1,001 ವಿಗ್ರಹಗಳಿವೆ, ಮಧ್ಯದಲ್ಲಿ ಕೂತದ್ದು ಒಂದು, ಸಾಲಾಗಿ ನಿಂತವು ಸಾವಿರ. ಭೂತಾನಿನ ತಕ್ತ್ಸಂಗ್ ಮಠದಲ್ಲಿ ಬ್ಯಾಗು, ಫೋನು ಎಲ್ಲ ಬಾಗಿಲಲ್ಲೇ ಬಿಡಬೇಕು. ಇಂಥ ಕಡೆ ಹೊರಗೆ ಬಂದ ತಕ್ಷಣ ಕೂತು ಒಂದು ಪುಟ ಬರೆಯುತ್ತೇನೆ. ಬಾಗಿಲು ಯಾವ ದಿಕ್ಕಿಗೆ, ಬೆಳಕು ಎಲ್ಲಿಂದ, ವಾಸನೆ ಏನು, ಕಾಲಡಿ ಕಲ್ಲೋ ಹಲಗೆಯೋ. ಆ ಪುಟಗಳೂ ಅದೇ ಫೋಲ್ಡರಿನಲ್ಲಿ ಇರುತ್ತವೆ, ಫೋಟೋಗಳಿಗೆ ಸಮನಾಗಿ.

ಮುಂದಿನದು ಸಾಂಚಿ

ದೊಡ್ಡ ಸ್ತೂಪದ ನಾಲ್ಕು ತೋರಣಗಳ, ಅಂದರೆ ಕಲ್ಲಿನ ಹೆಬ್ಬಾಗಿಲುಗಳ, ಎರಡೂ ಮೈಯಲ್ಲಿ ಕೆತ್ತನೆ ಇದೆ. ಪೂರ್ವ ತೋರಣದ ಹೊರಮೈಗೆ ಬೆಳಗ್ಗೆ ಹೋಗಬೇಕು. ಅದರ ಒಳಮೈಗೆ ಮಧ್ಯಾಹ್ನ ತಿರುಗಿದ ಕೂಡಲೇ, ಯಾಕೆಂದರೆ ಹೊತ್ತಾದರೆ ಸ್ತೂಪದ ನೆರಳೇ ಅದರ ಮೇಲೆ ಬೀಳುತ್ತದೆ. ಕಷ್ಟ ಇರುವುದು ಉತ್ತರದ ತೋರಣದ್ದು. ನಾಲ್ಕರಲ್ಲಿ ಚೆನ್ನಾಗಿ ಉಳಿದಿರುವುದು ಅದೇ, ಆದರೆ ಚಳಿಗಾಲದಲ್ಲಿ ಅದರ ಹೊರಮೈಗೆ ಬಿಸಿಲೇ ತಾಕುವುದಿಲ್ಲ. ಸಾಂಚಿ ಇರುವುದು ಕರ್ಕಾಟಕ ವೃತ್ತದ ಪಕ್ಕದಲ್ಲೇ. ಸೂರ್ಯ ಉತ್ತರಕ್ಕೆ ವಾಲುವ ಮೇ-ಜೂನ್ ತಿಂಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಅಲ್ಲಿ ಓರೆ ಬಿಸಿಲು ಸಿಗುತ್ತದೆ. ಹಾಗಾಗಿ ದಕ್ಷಿಣ, ಪೂರ್ವ, ಪಶ್ಚಿಮಕ್ಕೆ ಡಿಸೆಂಬರ್, ಉತ್ತರಕ್ಕೆ ಬೇಸಿಗೆಯಲ್ಲಿ ಇನ್ನೊಂದು ಸಲ ಅಂತ ತೀರ್ಮಾನ ಮಾಡಿದ್ದೇನೆ. ಲಾಲಾ ದೀನ್ ದಯಾಳ್ 1880ರ ದಶಕದಲ್ಲಿ ಅಲ್ಲಿ ತೆಗೆದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಜೊತೆಗೆ ಒಯ್ಯುತ್ತೇನೆ. ನೆರಳು ಬಿದ್ದ ರೀತಿ ನೋಡಿದರೆ ಅವರು ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು ತೆಗೆದರು ಅಂತ ಅಂದಾಜು ಮಾಡಬಹುದು.